ಮುದ್ದೆಯಾದರೆ ಮುದ್ದೆ, ಅನ್ನವಾದರೆ ಅನ್ನ

ರಜೆ ಬಂತೆಂದರೆ ನಿಮ್ಮದು ಒಂದೇ ಮಾತು: "ಇರಲಿ ಬಿಡಿ, ವಾಪಸ್ ಬಂದ ಮೇಲೆ ನೋಡಿಕೊಳ್ಳೋಣ." ತಿಂಗಳುಗಟ್ಟಲೆ ಅನ್ನ ಅಳೆದು ತಿಂದು, ಕಾಫಿಗೆ ಸಕ್ಕರೆ ಬಿಟ್ಟು ಇಳಿಸಿಕೊಂಡ ತೂಕವನ್ನು ನಾಲ್ಕೇ ದಿನದ ಓಡಾಟದಲ್ಲಿ ಮತ್ತೆ ಹೊತ್ತುಕೊಂಡು ಬರುತ್ತೀರಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹೊರಟವರಿಗಂತೂ ಇದನ್ನು ಹೇಳಲೇಬೇಕು. ಅಲ್ಲಿ ದೇವಸ್ಥಾನಗಳು ಹೆಚ್ಚು, ನೆಂಟರೂ ಹೆಚ್ಚು, ಬಡಿಸುವವರ ಕೈ ದೊಡ್ಡದು. ಹಿರಿಯಳ ಮಾತೆಂದುಕೊಂಡು ಬೇಸರಿಸದೆ ಕೇಳಿ.

ಮೊದಲನೆಯದಾಗಿ, ಡಯಟ್ ಹೆಸರಿನಲ್ಲಿ ಬಾದಾಮಿ ಹಿಟ್ಟಿನ ರೊಟ್ಟಿ ಕಟ್ಟಿಕೊಂಡು ನೆಂಟರ ಮನೆಗೆ ಹೋಗಬೇಡಿ. ಕಾರ್ಬ್ ಕಡಿಮೆ ಇರುವ ಊಟ ಆ ಸೀಮೆಯ ಅಡುಗೆಮನೆಯಲ್ಲೇ ಇದೆ. ಬಸ್ಸಾರಿನ ಜೊತೆ ಬರುವ ಸೊಪ್ಪಿನ ಪಲ್ಯ, ನಾಟಿಕೋಳಿ ಸಾರು, ಹೊಳೆಮೀನು, ಬೇಯಿಸಿದ ಮೊಟ್ಟೆ, ಬದನೆಕಾಯಿ, ಹೀರೆಕಾಯಿ, ನೀರು ಮಜ್ಜಿಗೆ, ಇವೆಲ್ಲ ನಿಮಗಾಗಿಯೇ ಇವೆ. ಎಡವುವುದು ಎಲ್ಲಿ ಗೊತ್ತೇ? ಮೊದಲು ಮುದ್ದೆ, ಆಮೇಲೆ ಸಾರಿಗೆ ಅನ್ನ, ಕೊನೆಗೆ ಮಜ್ಜಿಗೆಗೆಂದು ಇನ್ನೊಂದಿಷ್ಟು ಅನ್ನ. ಇದು ಬೆಳಗಿನಿಂದ ಗದ್ದೆಯಲ್ಲಿ ಬಗ್ಗಿ ಎದ್ದವರ ಊಟದ ಲೆಕ್ಕ. ಕಾರಿನಲ್ಲಿ ಕೂತು ಬಂದ ನಿಮಗೆ ಅದು ಸಲ್ಲದು. ಅದಕ್ಕೇ ಒಂದು ಕಟ್ಟುಪಾಡು ಹಾಕಿಕೊಳ್ಳಿ: ಒಂದು ಊಟಕ್ಕೆ ಒಂದೇ ಪಿಷ್ಟ. ಮುದ್ದೆ ಉಂಡರೆ ಅನ್ನ ಇಲ್ಲ, ಅನ್ನ ಉಂಡರೆ ಮುದ್ದೆ ಇಲ್ಲ. ಅದೂ ಅರ್ಧ ಮುದ್ದೆ, ಇಲ್ಲವೇ ಒಂದು ಸಣ್ಣ ಬಟ್ಟಲು ಅನ್ನ. ಎಲೆಯ ಉಳಿದ ಜಾಗವನ್ನು ಪಲ್ಯ, ಕಾಳು, ಮಾಂಸ, ಮೊಟ್ಟೆ ತುಂಬಲಿ.

"ರಾಗಿ ಒಳ್ಳೇದಲ್ವಾ, ಎರಡು ಮುದ್ದೆ ಉಂಡರೇನು?" ಎಂದು ಕೇಳುವವರಿದ್ದಾರೆ. ಹಿಟ್ಟು ತಿಂದು ಬೆಟ್ಟ ಕಿತ್ತಿಡು ಅಂದರು ನಿಜ. ಬೆಟ್ಟ ಕೀಳುವ ಕೆಲಸ ನೀವು ಮಾಡುತ್ತಿಲ್ಲವಲ್ಲ! ರಾಗಿಯಲ್ಲಿ ನಾರು ಹೆಚ್ಚು, 100 ಗ್ರಾಂಗೆ 300 ಮಿಲಿಗ್ರಾಂಗೂ ಮೀರಿದ ಸುಣ್ಣದಂಶವಿದೆ, ಹಸಿವನ್ನೂ ಹೆಚ್ಚು ಹೊತ್ತು ತಡೆಯುತ್ತದೆ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬ್ ಇದ್ದೇ ಇರುತ್ತದೆ. ಅಕ್ಕಿಗಿಂತ ತುಸು ಕಡಿಮೆ, ಅಷ್ಟೇ. ಒಳ್ಳೆಯದೆಂಬ ಕಾರಣಕ್ಕೆ ಲೆಕ್ಕ ಬಿಡಬೇಡಿ. ಹುರಳಿ, ಅವರೆಗಳಲ್ಲೂ ಪಿಷ್ಟ ಇದೆ. ಆದರೆ ಪ್ರೋಟೀನೂ ನಾರೂ ಜೊತೆಗಿರುವುದರಿಂದ ಅನ್ನದ ಬದಲಿಗೆ ಇನ್ನೊಂದು ಸೌಟು ಕಾಳು ಹಾಕಿಸಿಕೊಳ್ಳುವುದು ಜಾಣತನ. ನಾಗಮಂಗಲದ ಕಡೆ ಬೆದ್ದಲು ಹೊಲ ಹೆಚ್ಚು, ಹುರಳಿಕಾಳಿನ ಸಾರು ಅಲ್ಲಿ ಸೊಗಸಾಗಿರುತ್ತದೆ. ಕೇಳಿ ಹಾಕಿಸಿಕೊಳ್ಳಿ.

ಇನ್ನು ಸಿಹಿಯ ವಿಚಾರ. ಕನ್ನಂಬಾಡಿ ಕಟ್ಟೆಯ ನೀರು ಹರಿದ ಮೇಲೆ ಮಂಡ್ಯ ಸೀಮೆ ಕಬ್ಬಿನ ಸೀಮೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, ಪಾಂಡವಪುರದಲ್ಲೂ ಒಂದು ಎದ್ದಿತು. ಹಾಗಾಗಿ ಅಲ್ಲಿ ಸಿಹಿ ನಿಮ್ಮನ್ನು ರಸ್ತೆಯಲ್ಲೇ ಹುಡುಕಿಕೊಂಡು ಬರುತ್ತದೆ. ಕಾರು ನಿಲ್ಲಿಸಿ ಕಬ್ಬಿನ ಹಾಲು ಕುಡಿಯುತ್ತೀರಿ. ಒಂದು ಲೋಟದಲ್ಲಿ ಸುಮಾರು 25 ಗ್ರಾಂ ಸಕ್ಕರೆ. ಇಡೀ ದಿನಕ್ಕೆ ಸೇರಿಸಿದ ಸಕ್ಕರೆ ಅಷ್ಟರೊಳಗಿದ್ದರೆ ಒಳ್ಳೆಯದೆಂದು ತಜ್ಞರು ಹೇಳುವ ಮಿತಿಯನ್ನು ನೀವು ನಿಂತ ನಿಲುವಿನಲ್ಲೇ ಮುಗಿಸಿರುತ್ತೀರಿ. ಆಲೆಮನೆಗೆ ಹೋದರೆ ಬಿಸಿ ಬೆಲ್ಲ ಕೈಗೆ ಬರುತ್ತದೆ. ಬೆಲ್ಲ ಸಕ್ಕರೆಯಲ್ಲ ಎಂಬ ಭ್ರಮೆ ಬೇಡ, ತೂಕದ ಲೆಕ್ಕದಲ್ಲಿ ಎರಡೂ ಅಕ್ಕತಂಗಿಯರೇ. ನೆಲ್ಲಿಕಾಯಿ ಗಾತ್ರದ ಒಂದು ಚೂರು ಬಾಯಿಗೆ ಹಾಕಿಕೊಂಡು ಸವಿಯಿರಿ, ಅಚ್ಚುಗಟ್ಟಲೆ ಮೆಲ್ಲಬೇಡಿ. ಬಾಯಾರಿದರೆ ನೀರು ಕುಡಿಯಿರಿ, ಮಜ್ಜಿಗೆ ಕುಡಿಯಿರಿ. ಎಳನೀರಿನಲ್ಲೂ ಸ್ವಲ್ಪ ಸಕ್ಕರೆ ಇದೆ, ದಿನಕ್ಕೆ ಒಂದು ಸಾಕು. ಬಾಟಲಿಯ ಬಣ್ಣದ ಪಾನೀಯವನ್ನು ಮಾತ್ರ ಮುಟ್ಟಲೇಬೇಡಿ.

ದೇವರ ಪ್ರಸಾದವನ್ನು ಬೇಡ ಎನ್ನಬೇಡಿ. ಮೇಲುಕೋಟೆಗೆ ಹೋಗಿ ಪುಳಿಯೋಗರೆ, ಸಕ್ಕರೆ ಪೊಂಗಲ್ ಮುಟ್ಟದೆ ಬರುವವರ ಮನಸ್ಸು ಅಲ್ಲೇ ಉಳಿದಿರುತ್ತದೆ. ಮನೆಗೆ ಬಂದ ಮೇಲೆ ಅದರ ಸೇಡು ತೀರಿಸಿಕೊಳ್ಳುತ್ತಾರೆ. ಒಂದು ತುತ್ತು ಕಣ್ಣಿಗೊತ್ತಿಕೊಂಡು ತಿನ್ನಿ, ಉಳಿದದ್ದನ್ನು ಜೊತೆಯವರಿಗೆ ಹಂಚಿ. ಪುಳಿಯೋಗರೆಯನ್ನೇ ಹೊಟ್ಟೆ ತುಂಬ ತಿನ್ನುವ ಆಸೆಯಾದರೆ ಅದೇ ಆ ಹೊತ್ತಿನ ಊಟವೆಂದು ಲೆಕ್ಕ ಹಾಕಿ. ಅದನ್ನು ತಿಂಡಿಯೆಂದು ಕರೆದು ಮೇಲೊಂದು ಊಟ ಮಾಡಬೇಡಿ. ಆದಿಚುಂಚನಗಿರಿಯ ದಾಸೋಹದಲ್ಲಿ ಕೂತಾಗ ಬಡಿಸುವ ಮೊದಲೇ ಕೈ ಅಡ್ಡ ಹಿಡಿದು "ಸ್ವಲ್ಪ ಸಾಕು" ಅನ್ನಿ. ಹಾಕಿಸಿಕೊಂಡು ಚೆಲ್ಲುವುದು ಪಾಪ, ಚೆಲ್ಲಬಾರದೆಂದು ತುರುಕಿಕೊಳ್ಳುವುದು ದೇಹಕ್ಕೆ ಮಾಡುವ ಅನ್ಯಾಯ.

ನೆಂಟರ ಮನೆ ಇದಕ್ಕಿಂತ ಕಷ್ಟ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗವಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಬಡಿಸುವವರು ಪ್ರೀತಿಯಿಂದಲೇ ಒತ್ತಾಯ ಮಾಡುತ್ತಾರೆ; ನೀವೂ ಪ್ರೀತಿಯಿಂದಲೇ ದಾರಿ ಹುಡುಕಿ. ಅಡುಗೆ ಮಾಡಿದವರ ಮುಂದೆ ಕಾರ್ಬ್, ಕ್ಯಾಲೊರಿ ಎಂದು ಪಾಠ ಒಪ್ಪಿಸಬೇಡಿ. "ಅತ್ತೆ, ನಿಮ್ಮ ಕೈ ಪಲ್ಯ ಇನ್ನೊಂದಿಷ್ಟು ಹಾಕಿ" ಎಂದರೆ ಅವರಿಗೂ ಸಂತೋಷ, ನಿಮ್ಮ ಹೊಟ್ಟೆಯಲ್ಲಿ ಅನ್ನಕ್ಕೆ ಜಾಗವೂ ಉಳಿಯದು. ಹಬ್ಬದ ದಿನ ಹೋಳಿಗೆ ತಿನ್ನಿ. ಒಂದು ತಿನ್ನಿ, ತುಪ್ಪ ಹಾಕಿಕೊಂಡು ನಿಧಾನವಾಗಿ ತಿನ್ನಿ, ಆ ಹೊತ್ತು ಅನ್ನ ಬಿಡಿ.

ತಿಂಡಿಯ ಹೊತ್ತಿನಲ್ಲಿ ನೀವು ಮಾಡುವ ಅಸಡ್ಡೆ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಇಡ್ಲಿ ತಿಂದು, ಮೇಲೆ ದೋಸೆ ತರಿಸಿ, ಪಕ್ಕದವರ ತಟ್ಟೆಯ ಕೇಸರಿಭಾತಿಗೂ ಚಮಚ ಹಾಕುತ್ತೀರಿ. ಆಮ್ಲೆಟ್ ಸಿಗುವಲ್ಲಿ ಆಮ್ಲೆಟ್ ತಿನ್ನಿ, ಇಲ್ಲದಿದ್ದರೆ ಎರಡು ಇಡ್ಲಿಗೆ ನಿಲ್ಲಿಸಿ. ಹೊರಡುವಾಗ ಚೀಲದಲ್ಲಿ ಬೇಯಿಸಿದ ಮೊಟ್ಟೆ, ಸೌತೆಕಾಯಿ, ಒಂದು ಹಿಡಿ ಹುರಿದ ಕಡಲೆಕಾಯಿ ಇಟ್ಟುಕೊಳ್ಳಿ. ಹಸಿದ ಹೊಟ್ಟೆಗೆ ಬುದ್ಧಿ ಇರುವುದಿಲ್ಲ, ಕಂಡದ್ದನ್ನೆಲ್ಲ ಬೇಡುತ್ತದೆ. ದಾರಿಯ ಮದ್ದೂರು ವಡೆಯ ಬಗ್ಗೆಯೂ ಹೇಳಿಬಿಡುತ್ತೇನೆ: ಅಕ್ಕಿ ಹಿಟ್ಟು, ರವೆ, ಮೈದಾ ಸೇರಿಸಿ ಎಣ್ಣೆಯಲ್ಲಿ ಕರಿದದ್ದು ಅದು. ಒಂದನ್ನು ಇಬ್ಬರು ಹಂಚಿಕೊಳ್ಳಿ, ಪೊಟ್ಟಣ ಕಟ್ಟಿಸಿಕೊಂಡು ಕಾರಿನಲ್ಲಿ ಮೆಲ್ಲುತ್ತಾ ಹೋಗಬೇಡಿ.

ಕಾಲಿಗೆ ಕೆಲಸ ಕೊಡಿ. ಆ ನಾಲ್ಕು ತಾಲ್ಲೂಕಿನಲ್ಲಿ ನಡೆಯುವುದಕ್ಕೆ ಜಾಗದ ಬರವಿಲ್ಲ. ಮೇಲುಕೋಟೆಯ ಯೋಗನರಸಿಂಹನ ಬೆಟ್ಟವನ್ನು ಮೆಟ್ಟಿಲಿನಿಂದ ಹತ್ತಿ. ಮಂಡಿ ಗಟ್ಟಿ ಇದ್ದವರು ಬೆಳಗಿನ ತಂಪಿನಲ್ಲೇ ಕುಂತಿಬೆಟ್ಟ ಹತ್ತಿ ಇಳಿಯಿರಿ. ತೊಣ್ಣೂರು ಕೆರೆಯ ದಂಡೆ, ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಜಗತಿ, ಶ್ರೀರಂಗಪಟ್ಟಣದ ಕೋಟೆ, ಎಲ್ಲವೂ ನಡೆದು ನೋಡುವಂಥವೇ. ಉಂಡ ತಕ್ಷಣ ಚಾಪೆ ಹಾಸಬೇಡಿ. ಹದಿನೈದು ನಿಮಿಷ ಓಡಾಡಿದರೂ ರಕ್ತದ ಸಕ್ಕರೆ ಹತೋಟಿಗೆ ಬರುತ್ತದೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ನೋ ಮಾತ್ರೆಯೋ ತೆಗೆದುಕೊಳ್ಳುವವರು ಇದನ್ನು ಗಮನವಿಟ್ಟು ಓದಿ. ವೈದ್ಯರನ್ನು ಕೇಳದೆ ಪಿಷ್ಟವನ್ನು ಏಕಾಏಕಿ ಬಿಡಬೇಡಿ. ಮದ್ದು ಅಷ್ಟೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ ಇಳಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಕೆಲವು ಮಾತ್ರೆಗಳನ್ನು ನುಂಗುತ್ತಾ ಪಿಷ್ಟ ಬಿಟ್ಟರೆ ಬೇರೆ ತೊಂದರೆಗಳೂ ಉಂಟು, ಅದನ್ನೂ ವೈದ್ಯರನ್ನೇ ಕೇಳಿ. ಸಕ್ಕರೆ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಜೇಬಿನಲ್ಲಿ ನಾಲ್ಕು ಚೂರು ಕಲ್ಲುಸಕ್ಕರೆ ಇರಲಿ, ಅದು ಎಲ್ಲಿದೆಯೆಂಬುದು ಜೊತೆಯವರಿಗೂ ಗೊತ್ತಿರಲಿ.

ಮನೆಗೆ ಬಂದ ಮರುದಿನವೇ ತಕ್ಕಡಿ ಹತ್ತಿ ಕೂಗಾಡಬೇಡಿ. ಅಭ್ಯಾಸ ತಪ್ಪಿದ ಮೇಲೆ ಒಮ್ಮೆಲೇ ಪಿಷ್ಟ ತಿಂದರೆ ದೇಹ ಅದನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ನಿಲ್ಲುತ್ತದೆ. ಏರಿದ ಒಂದೆರಡು ಕಿಲೋದಲ್ಲಿ ಬಹುಪಾಲು ಆ ನೀರೇ. ಅದಕ್ಕೆ ಹೆದರಿ ಉಪವಾಸ ಕೂರಬೇಡಿ, ಮುಂದಿನ ಊಟದಿಂದಲೇ ಮೊದಲಿನ ಕ್ರಮಕ್ಕೆ ಮರಳಿ, ವಾರ ಬಿಟ್ಟು ತೂಕ ನೋಡಿ. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರಲ್ಲ, ಬಲ್ಲತನವೆಂದರೆ ಇಷ್ಟೇ.

ಕೊನೆಯದಾಗಿ ಒಂದು ಮಾತು. ಊರು ತಲುಪಿದ ದಿನದ ಮೊದಲ ಊಟದಲ್ಲೇ "ಅನ್ನ ಬೇಡ, ಪಲ್ಯ ಹಾಕಿ" ಅಂದುಬಿಡಿ. ಮೊದಲ ದಿನ ಹೇಳಿದ್ದನ್ನು ಮನೆಯವರು ನೆನಪಿಟ್ಟುಕೊಂಡು ಹೊರಡುವ ದಿನದವರೆಗೂ ನಡೆಸಿಕೊಡುತ್ತಾರೆ. ಮೂರನೇ ದಿನ ಹೇಳಿದರೆ ಅಡುಗೆ ಸೇರಲಿಲ್ಲವೇನೋ ಎಂದು ನೊಂದುಕೊಳ್ಳುತ್ತಾರೆ.