ವಿಶ್ವದ ಧರ್ಮಗಳು: ಜನರಿಗೆ ತಿಳಿದಿರುವುದೆಷ್ಟು? – ಮುಖ್ಯಾಂಶಗಳು

ಧರ್ಮದ ಹೆಸರಿನಲ್ಲಿ ದಿನವೂ ವಾದ ನಡೆಯುತ್ತದೆ. ಆದರೆ ಪಕ್ಕದವರ ಧರ್ಮವಿರಲಿ, ತಮ್ಮ ಧರ್ಮದ ಮೂಲ ತತ್ವಗಳೇ ಹಲವರಿಗೆ ಗೊತ್ತಿಲ್ಲ. ಇದನ್ನು ಅಂಕಿಅಂಶಗಳ ಸಮೇತ ತೋರಿಸಿಕೊಟ್ಟದ್ದು ಅಮೆರಿಕದ ಎರಡು ಸಮೀಕ್ಷೆಗಳು. ಪರೀಕ್ಷೆಯ ಸಮಾಜಶಾಸ್ತ್ರ, ಸಂವಿಧಾನ ಮತ್ತು ಪ್ರಬಂಧ ಪತ್ರಿಕೆಗಳಿಗೆ ಉಪಯುಕ್ತವಾದ ಅಂಶಗಳು ಇಲ್ಲಿವೆ.

1. ಸಮೀಕ್ಷೆಗಳ ಪರಿಚಯ

* ನಡೆಸಿದ ಸಂಸ್ಥೆ: ಪ್ಯೂ ರಿಸರ್ಚ್ ಸೆಂಟರ್, ವಾಷಿಂಗ್ಟನ್.
* ಮೊದಲ ಸಮೀಕ್ಷೆ 2010: 3,412 ವಯಸ್ಕರು, 32 ಪ್ರಶ್ನೆಗಳು, ಸರಾಸರಿ 16 ಸರಿ ಉತ್ತರ.
* ಎರಡನೆಯದು 2019: 10,971 ವಯಸ್ಕರು, 32 ಪ್ರಶ್ನೆಗಳು, ಸರಾಸರಿ 14.2 ಸರಿ ಉತ್ತರ.
* ಎರಡರಲ್ಲೂ ಕೇಳಿದ ಪ್ರಶ್ನೆಗಳೆಲ್ಲ ಒಂದೇ ಅಲ್ಲ. ಆದ್ದರಿಂದ 'ಒಂಬತ್ತು ವರ್ಷಗಳಲ್ಲಿ ಜ್ಞಾನ ಕುಸಿಯಿತು' ಎಂದು ಬರೆಯಬಾರದು.

2. 2010ರ ಫಲಿತಾಂಶ

* ಮುಂದಿದ್ದವರು: ನಾಸ್ತಿಕರು ಮತ್ತು ಅಜ್ಞೇಯತಾವಾದಿಗಳು (20.9), ಯಹೂದಿಗಳು (20.5), ಮಾರ್ಮನ್ನರು (20.3). ಮೂರೂ ಅಲ್ಲಿನ ಸಣ್ಣ ಗುಂಪುಗಳು.
* ಮದರ್ ತೆರೇಸಾ ಕ್ಯಾಥೊಲಿಕ್ ಎಂದು ತಿಳಿದಿದ್ದವರು ಶೇ 82.
* ಕುರ್‌ಆನ್ ಇಸ್ಲಾಮಿನ ಪವಿತ್ರ ಗ್ರಂಥ ಎಂದು ಗೊತ್ತಿದ್ದವರು ಶೇ 54.
* ದಲೈ ಲಾಮಾ ಬೌದ್ಧರು ಎಂದು ಹೇಳಿದವರು ಶೇ 47.
* ವಿಷ್ಣು, ಶಿವ ಹಿಂದೂ ಧರ್ಮಕ್ಕೆ ಸೇರಿದವರು ಎಂದು ಗುರುತಿಸಿದವರು ಶೇ 38.
* ಇಂಡೊನೇಷ್ಯಾದ ಬಹುಸಂಖ್ಯಾತರು ಮುಸ್ಲಿಮರು ಎಂದು ತಿಳಿದಿದ್ದವರು ಶೇ 27.

3. 2019ರ ಫಲಿತಾಂಶ

* ಯಹೂದಿಗಳು (18.7), ನಾಸ್ತಿಕರು (17.9), ಅಜ್ಞೇಯತಾವಾದಿಗಳು (17.0) ಮುಂದಿದ್ದರು.
* ರಂಜಾನ್ ಇಸ್ಲಾಮಿನ ಪವಿತ್ರ ಮಾಸ ಎಂದು ಸರಿಯಾಗಿ ಹೇಳಿದವರು ಶೇ 60.
* ಬೌದ್ಧರ ನಾಲ್ಕು ಆರ್ಯಸತ್ಯಗಳಲ್ಲಿ ದುಃಖವೂ ಒಂದು ಎಂದು ತಿಳಿದಿದ್ದವರು ಶೇ 18 ಮಾತ್ರ.
* ವೇದಗಳು ಹಿಂದೂ ಗ್ರಂಥಗಳು ಎಂದು ಗುರುತಿಸಿದವರು ಶೇ 15 ಮಾತ್ರ.

4. ತಮ್ಮ ಧರ್ಮವೇ ಗೊತ್ತಿಲ್ಲದವರು

* ಪ್ರಾಟೆಸ್ಟೆಂಟ್ ಪಂಥಕ್ಕೆ ಕಾರಣವಾದ ಸುಧಾರಣಾ ಚಳವಳಿಗೆ ಪ್ರೇರಣೆ ನೀಡಿದವರು ಯಾರು? ಉತ್ತರ: ಮಾರ್ಟಿನ್ ಲೂಥರ್. 2010ರಲ್ಲಿ ಪ್ರಾಟೆಸ್ಟೆಂಟರಲ್ಲೇ ಶೇ 53 ಮಂದಿಗೆ ಇದು ಗೊತ್ತಿರಲಿಲ್ಲ.
* ಪರಮಪ್ರಸಾದದ ರೊಟ್ಟಿ ಮತ್ತು ದ್ರಾಕ್ಷಾರಸ ನಿಜವಾಗಿಯೂ ಕ್ರಿಸ್ತನ ದೇಹ ಮತ್ತು ರಕ್ತವಾಗುತ್ತವೆ ಎಂಬುದು ಕ್ಯಾಥೊಲಿಕ್ ಸಭೆಯ ಬೋಧನೆ. 2010ರಲ್ಲಿ ಇದನ್ನು ತಿಳಿಯದ ಕ್ಯಾಥೊಲಿಕರು ಶೇ 45.
* ಮಧ್ಯಯುಗದ ಮಹಾ ತತ್ವಜ್ಞಾನಿ ಮೈಮೊನಿಡಿಸ್ ಯಹೂದಿ ಎಂದು ಗುರುತಿಸದ ಯಹೂದಿಗಳು ಶೇ 43.
* ಗಮನಿಸಿ: ಭಕ್ತಿ ಬೇರೆ, ಅರಿವು ಬೇರೆ. ಅರಿವು ಕಡಿಮೆಯಿದ್ದ ಮಾತ್ರಕ್ಕೆ ಭಕ್ತಿ ಸುಳ್ಳಾಗುವುದಿಲ್ಲ. ಆದರೆ ತನ್ನದನ್ನೇ ತಿಳಿಯದವನು ಇನ್ನೊಬ್ಬರ ಧರ್ಮದ ಬಗ್ಗೆ ತೀರ್ಪು ಕೊಡುವುದು ಅಪಾಯಕಾರಿ.

5. ಅರಿವು ಹೆಚ್ಚಿಸುವ ಅಂಶಗಳು

* ಶಿಕ್ಷಣ: 2010ರಲ್ಲಿ ಪದವೀಧರರು, ಪ್ರೌಢಶಾಲೆಗೇ ಓದು ನಿಲ್ಲಿಸಿದವರಿಗಿಂತ ಸರಾಸರಿ ಸುಮಾರು 8 ಪ್ರಶ್ನೆಗಳಿಗೆ ಹೆಚ್ಚು ಸರಿ ಉತ್ತರ ಕೊಟ್ಟರು.
* ಒಡನಾಟ: ಬೇರೆ ಬೇರೆ ಧರ್ಮದವರ ಪರಿಚಯ ಇದ್ದವರಿಗೆ ಹೆಚ್ಚು ತಿಳಿದಿತ್ತು (2019).

6. ಕಾನೂನಿನ ಬಗ್ಗೆಯೂ ತಪ್ಪು ತಿಳಿವಳಿಕೆ

* ಸರ್ಕಾರಿ ಶಾಲೆಯಲ್ಲಿ ಶಿಕ್ಷಕರು ಪ್ರಾರ್ಥನೆ ಮಾಡಿಸುವಂತಿಲ್ಲ ಎಂದು ಶೇ 89 ಅಮೆರಿಕನ್ನರಿಗೆ ಗೊತ್ತಿತ್ತು. ಆದರೆ ವಿಶ್ವದ ಧರ್ಮಗಳ ತುಲನಾತ್ಮಕ ಪಾಠ ಮಾಡಬಹುದು ಎಂಬುದು ಗೊತ್ತಿದ್ದವರು ಶೇ 36 ಮಾತ್ರ (2010).
* ಅಬಿಂಗ್ಟನ್ ವಿರುದ್ಧ ಶೆಂಪ್ (1963): ಶಾಲೆಯಲ್ಲಿ ಧಾರ್ಮಿಕ ಆಚರಣೆಯಾಗಿ ಬೈಬಲ್ ಪಠಣ ಮಾಡಿಸುವುದನ್ನು ಅಮೆರಿಕದ ಸುಪ್ರೀಂ ಕೋರ್ಟ್ ನಿಷೇಧಿಸಿತು. ಧರ್ಮಗಳ ವಸ್ತುನಿಷ್ಠ ಅಧ್ಯಯನಕ್ಕೆ ಅಡ್ಡಿಯಿಲ್ಲ ಎಂದೂ ಹೇಳಿತು.
* ಭಾರತದ ಸಂವಿಧಾನ, 28ನೇ ವಿಧಿ: ಸಂಪೂರ್ಣ ಸರ್ಕಾರಿ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಸಲ್ಲದು.
* ಅರುಣಾ ರಾಯ್ ಪ್ರಕರಣ (2002): ಧರ್ಮಗಳ ಬಗ್ಗೆ ತಿಳಿಸುವ ಪಾಠಕ್ಕೆ 28ನೇ ವಿಧಿ ಅಡ್ಡಿಯಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿತು.
* ನೆನಪಿಡಿ: ಧರ್ಮವನ್ನು ಬೋಧಿಸುವುದು ಬೇರೆ, ಧರ್ಮದ ಬಗ್ಗೆ ತಿಳಿಸುವುದು ಬೇರೆ.

7. ಅಜ್ಞಾನದ ಬೆಲೆ

* 2001ರ ಸೆಪ್ಟೆಂಬರ್ 11ರ ದಾಳಿ ನಡೆದ ನಾಲ್ಕು ದಿನಕ್ಕೆ, ಅರಿಜೋನಾದ ಮೆಸಾದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಸಿಖ್ಖರೊಬ್ಬರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅವರ ಪೇಟ ಮತ್ತು ಗಡ್ಡ ನೋಡಿ ಕೊಲೆಗಾರ ಅವರನ್ನು ಅರಬ್ ಮುಸ್ಲಿಂ ಎಂದುಕೊಂಡಿದ್ದ.
* ಅವರು ಮುಸ್ಲಿಮರೇ ಆಗಿದ್ದರೂ ಅದು ಅಷ್ಟೇ ದೊಡ್ಡ ಅನ್ಯಾಯ. ದ್ವೇಷ ಮತ್ತು ಅಜ್ಞಾನ ಎರಡೂ ಸೇರಿದರೆ ಯಾವ ಅಲ್ಪಸಂಖ್ಯಾತರೂ ಸುರಕ್ಷಿತರಲ್ಲ.

8. ಫಲ ಕೊಟ್ಟ ಪ್ರಯೋಗ: ಮೊಡೆಸ್ಟೊ

* ಕ್ಯಾಲಿಫೋರ್ನಿಯಾದ ಮೊಡೆಸ್ಟೊ ನಗರದ ಸರ್ಕಾರಿ ಶಾಲೆಗಳಲ್ಲಿ 2000ರಿಂದ 9ನೇ ತರಗತಿಗೆ ವಿಶ್ವದ ಧರ್ಮಗಳ ಪಾಠ ಕಡ್ಡಾಯವಾಯಿತು.
* ಮೊದಲು ಧಾರ್ಮಿಕ ಸ್ವಾತಂತ್ರ್ಯದ ಹಕ್ಕಿನ ಪಾಠ, ಆಮೇಲೆ ಒಂದೊಂದೇ ಧರ್ಮದ ಪರಿಚಯ. ಯಾವುದು ಮೇಲು, ಯಾವುದು ಕೀಳು ಎಂಬ ಚರ್ಚೆಗೆ ಅಲ್ಲಿ ಜಾಗವಿಲ್ಲ.
* 2006ರ ಅಧ್ಯಯನ ವರದಿ: ಇತರ ಧರ್ಮದವರ ಹಕ್ಕುಗಳ ಬಗ್ಗೆ ವಿದ್ಯಾರ್ಥಿಗಳ ಗೌರವ ಹೆಚ್ಚಿತು, ಅವರ ಸ್ವಂತ ನಂಬಿಕೆ ಬದಲಾಗಲಿಲ್ಲ. 'ಬೇರೆ ಧರ್ಮ ಕಲಿಸಿದರೆ ಮಕ್ಕಳು ದಾರಿ ತಪ್ಪುತ್ತಾರೆ' ಎಂಬ ಆತಂಕಕ್ಕೆ ಇದೇ ಉತ್ತರ.
* ಹೋಲಿಸಿ: ಬ್ರಿಟನ್ನಿನ 1988ರ ಶಿಕ್ಷಣ ಸುಧಾರಣಾ ಕಾಯ್ದೆಯ ಪ್ರಕಾರ ಧಾರ್ಮಿಕ ಶಿಕ್ಷಣದ ಪಠ್ಯಕ್ರಮ ಕ್ರೈಸ್ತ ಪರಂಪರೆಯ ಜತೆಗೆ ಅಲ್ಲಿನ ಇತರ ಪ್ರಮುಖ ಧರ್ಮಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು.

9. ಭಾರತದ ಚಿತ್ರ

* ಪ್ಯೂ ಸಂಸ್ಥೆಯ ಭಾರತ ಸಮೀಕ್ಷೆ (2019–20, ವರದಿ 2021): 29,999 ವಯಸ್ಕರು, 17 ಭಾಷೆಗಳು.
* ನಿಜವಾದ ಭಾರತೀಯರಾಗಲು ಎಲ್ಲ ಧರ್ಮಗಳನ್ನು ಗೌರವಿಸುವುದು ಬಹಳ ಮುಖ್ಯ ಎಂದವರು ಶೇ 84.
* ಆದರೆ ಬಹುತೇಕರ ಆಪ್ತ ಸ್ನೇಹಿತರು ಸ್ವಧರ್ಮದವರೇ. ಗೌರವವಿದೆ, ಒಡನಾಟ ಕಡಿಮೆ.
* ಕರ್ನಾಟಕದಲ್ಲಿ ಕಲಿಯಲು ತಾಣಗಳಿಗೆ ಬರವಿಲ್ಲ: ಶ್ರವಣಬೆಳಗೊಳ (ಜೈನ), ಬೈಲಕುಪ್ಪೆ ಮತ್ತು ಮುಂಡಗೋಡ (ಟಿಬೆಟನ್ ಬೌದ್ಧ), ಬೀದರಿನ ಗುರುನಾನಕ್ ಝೀರಾ (ಸಿಖ್). ಸಿಖ್ಖರ ಖಾಲ್ಸಾ ಪಂಥದ ದೀಕ್ಷೆಯನ್ನು ಮೊದಲು ಪಡೆದ ಐವರಾದ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು.

10. ತಪ್ಪು – ಸರಿ

* ತಪ್ಪು: ಮುಸ್ಲಿಮರಲ್ಲಿ ಹೆಚ್ಚಿನವರು ಅರಬರು. ಸರಿ: ಅರಬರು ಅಲ್ಪಸಂಖ್ಯಾತರು, ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಮುಸ್ಲಿಮರೇ ಅವರಿಗಿಂತ ಹೆಚ್ಚು.
* ತಪ್ಪು: ಅರಬರೆಲ್ಲ ಮುಸ್ಲಿಮರು. ಸರಿ: ಲೆಬನಾನ್, ಈಜಿಪ್ಟ್, ಸಿರಿಯಾಗಳಲ್ಲಿ ಪುರಾತನ ಕ್ರೈಸ್ತ ಸಮುದಾಯಗಳಿವೆ.
* ತಪ್ಪು: ಎಲ್ಲ ಕ್ರೈಸ್ತರ ಬೈಬಲ್ ಒಂದೇ. ಸರಿ: ಪ್ರಾಟೆಸ್ಟೆಂಟ್ ಬೈಬಲಿನಲ್ಲಿ 66, ಕ್ಯಾಥೊಲಿಕ್ ಬೈಬಲಿನಲ್ಲಿ 73 ಪುಸ್ತಕಗಳು.

11. ಮಾದರಿ ಪ್ರಶ್ನೆ

* ಪ್ರಶ್ನೆ: ಬಹುಧರ್ಮೀಯ ಸಮಾಜದಲ್ಲಿ ಧಾರ್ಮಿಕ ಸಾಕ್ಷರತೆ ಏಕೆ ಅಗತ್ಯ?
* ಉತ್ತರದ ಚೌಕಟ್ಟು: ಅಜ್ಞಾನದ ಪ್ರಮಾಣ (2010, 2019ರ ಸಮೀಕ್ಷೆಗಳು), ಅದರ ಪರಿಣಾಮ (ಮೆಸಾ), ಕಾನೂನಿನ ಅವಕಾಶ (1963, 2002ರ ತೀರ್ಪುಗಳು), ಪರಿಹಾರ (ಮೊಡೆಸ್ಟೊ ಮಾದರಿ, ಒಡನಾಟ).
* ಉಪಸಂಹಾರಕ್ಕೆ: ಸಹಿಷ್ಣುತೆಯನ್ನು ಬರೀ ಭಾಷಣದಿಂದ ಬೆಳೆಸಲಾಗದು. ನೆರೆಯವರು ಏನನ್ನು ನಂಬುತ್ತಾರೆ, ಏಕೆ ನಂಬುತ್ತಾರೆ ಎಂಬುದನ್ನು ಶಾಲೆಯಲ್ಲಿಯೇ ಸರಿಯಾಗಿ ತಿಳಿಸುವುದು ಪ್ರಜಾಪ್ರಭುತ್ವದ ಹೊಣೆ.