ಹಾಜರಿ ಪುಸ್ತಕದ ಕೆಂಪು ಗೆರೆ

ಮಣ್ಣಿನಲ್ಲಿರುವ ಇಂಗಾಲವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆಯುವುದು ನಮ್ಮ ತಂಡದ ಕೆಲಸ. ಲ್ಯಾಬ್ ಇರುವುದು ಯಶವಂತಪುರದ ಹತ್ತಿರ. ಒಂಬತ್ತು ಜನಕ್ಕೆ ಮೂರು ಕಾರು, ಐದು ಸ್ಕೂಟರ್. 'ಮಣ್ಣಿನದಾಯ್ತು, ನಮ್ಮ ಹೊಗೆ ಎಷ್ಟು?' ಎಂದು ಒಂದು ದಿನ ಕಾಫಿ ಹೊತ್ತಿನಲ್ಲಿ ಯಾರೋ ಕೆಣಕಿದರು. ಸಂಜೆಯೊಳಗೆ ಫ್ರೀಜರ್ ಬಾಗಿಲಿಗೆ ಒಂದು ಹಾಳೆ ಅಂಟಿತು: ಯಾರು, ಎಲ್ಲಿಂದ, ಯಾವುದರಲ್ಲಿ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ 12 ಕಿ.ಮೀ. ಓಡುವ ನನ್ನ ಕಾರು ಕಿಲೋಮೀಟರಿಗೆ 190 ಗ್ರಾಂ ಉಗುಳುತ್ತಿತ್ತು. 45 ಓಡುವ ಸ್ಕೂಟರ್ 50 ಗ್ರಾಂ. ನಾಲ್ವರು ಕೂತರೆ ಕಾರಿನ ತಲಾ ಲೆಕ್ಕವೂ ಸ್ಕೂಟರಿನಷ್ಟಕ್ಕೇ ಇಳಿಯುತ್ತದೆ. ನನ್ನ ಕಾರಿನಲ್ಲಿ ನಾನು, ಪಕ್ಕದ ಸೀಟಿನಲ್ಲಿ ಊಟದ ಡಬ್ಬಿ.

ನಾಚಿಕೆಯಿಂದ ಎಲ್ಲರೂ ಮೆಟ್ರೊ ಹತ್ತಿದೆವು. ಹತ್ತೇ ದಿನ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲಿಳಿದು, ಫುಟ್‌ಪಾತ್ ಮೇಲೆ ನಿಲ್ಲಿಸಿದ ಗಾಡಿಗಳನ್ನು ಬಳಸಿಕೊಂಡು ಒಂಬತ್ತರ ಮೀಟಿಂಗಿಗೆ ಓಡುವುದು ಸಾಕಾಯಿತು. ಒಬ್ಬೊಬ್ಬರೇ ಗಾಡಿಗೆ ಮರಳಿದರು.

ಹಾಳೆಯಲ್ಲಿ ಕೊನೆಯ ಸಾಲು ಖಾಲಿ ಉಳಿದಿತ್ತು, ನಮ್ಮ ಅಟೆಂಡರದ್ದು. ಅವರನ್ನು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಬರುವುದು ನೆಲಮಂಗಲದಿಂದ. 2024ರ ನವೆಂಬರಿನಲ್ಲಿ ಮೆಟ್ರೊ ಮಾದಾವರದವರೆಗೆ ಬಂದಾಗ ಕೆಲವು ತಿಂಗಳು ಅದರಲ್ಲಿ ಓಡಾಡಿದರಂತೆ. ಮರು ಫೆಬ್ರವರಿಯಲ್ಲಿ ದರ ಏರಿತು, ಮತ್ತೆ ಬಸ್ಸು. ತುಂಬಿದ ಬಸ್ಸಿನಲ್ಲಿ ತಲೆಗೆ ಬೀಳುವ ಹೊಗೆ ಸ್ಕೂಟರಿಗಿಂತಲೂ ಕಮ್ಮಿ. ಆದರೆ ಗೊರಗುಂಟೆಪಾಳ್ಯದ ಸಿಗ್ನಲ್ ಬಸ್ಸನ್ನು ಬಿಡಬೇಕಲ್ಲ! ಹಾಜರಿ ಪುಸ್ತಕ ತೆರೆದೆ. ಒಂದೇ ತಿಂಗಳಲ್ಲಿ ಅವರ ಹೆಸರಿನ ಮುಂದೆ ಹನ್ನೊಂದು ಕೆಂಪು ಗೆರೆ. ಎಳೆದವನು ನಾನೇ.

ಮಾರನೆಯ ವಾರ ಮೀಟಿಂಗನ್ನು ಹತ್ತೂವರೆಗೆ ಹಾಕಿದೆ. ಉಪದೇಶಕ್ಕೆ ಬಗ್ಗದವರು ಗಡಿಯಾರಕ್ಕೆ ಬಗ್ಗಿದರು. ಐವರು ಮೆಟ್ರೊಗೆ ಮರಳಿ ಅಲ್ಲೇ ಉಳಿದರು. ಇಬ್ಬರು ನನ್ನ ಕಾರಿಗೆ ಜೊತೆಯಾದರು. ಹೊಲದಿಂದ ಮಣ್ಣಿನ ಚೀಲ ತರುವ ದಿನ ಮಾತ್ರ ಕಾರಿಲ್ಲದೆ ಆಗುವುದಿಲ್ಲ.

ಅಟೆಂಡರಿಗೆ ಸಮಯ ಬದಲಾದದ್ದನ್ನು ಹೇಳಿದಾಗ ಅವರು ತಲೆ ಕೆರೆದುಕೊಂಡರು.

"ಹೋದ ತಿಂಗಳೇ ಮಾಡಿದ್ರೆ ಚೆನ್ನಾಗಿತ್ತು ಸಾರ್. ದಿನಾ ಲೇಟ್ ಆಗುತ್ತೆ ಅಂತ ಸಾಲ ಮಾಡಿ ಸ್ಕೂಟರ್ ಬುಕ್ ಮಾಡ್ಬಿಟ್ಟೆ."

ಮುಂಗಡ ಕಟ್ಟಿಯಾಗಿತ್ತು.