ನೆಲ ನೋಡಿ ಲೈನ್ ಆರಿಸಿ, ಬಿಗಿ ಹಿಡಿದು ಸುತ್ತಿ

ಕರಾವಳಿಯಲ್ಲಿ ಗಾಳ ಹಾಕಿ ಬೆಳೆದು ಈಗ ಜುಬೈಲ್, ದಮ್ಮಾಮ್, ಜೆದ್ದಾಗಳಲ್ಲಿ ದುಡಿಯುತ್ತಿರುವವರಿಗೆ ಶುಕ್ರವಾರ ಬಂದರೆ ಕಾಲು ತಾನಾಗಿ ಕಡಲ ಕಡೆ ಹೋಗುತ್ತದೆ. ಊರಿನಲ್ಲಿ ಕೈಗಾಳ ಸಾಕಿತ್ತು. ಇಲ್ಲಿ ದಡದಲ್ಲೇ ನಿಂತು ದೂರಕ್ಕೆ ಸೀಸ ಎಸೆಯಲು ಹದಿಮೂರು ಅಡಿಯ ಸರ್ಫ್ ರಾಡ್, ದೊಡ್ಡ ಸ್ಪಿನ್ನಿಂಗ್ ರೀಲ್ ಕೊಳ್ಳುತ್ತೇವೆ. ಅವೆರಡಕ್ಕೂ ಧಾರಾಳವಾಗಿ ಖರ್ಚು ಮಾಡಿ, ಲೈನ್ ಮಾತ್ರ ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು ಹೊರಡುವವರೇ ಹೆಚ್ಚು. ಎಸೆತ ದೂರ ಹೋಗದಿರುವುದಕ್ಕೂ ಸಿಕ್ಕ ಮೀನು ಕೈತಪ್ಪುವುದಕ್ಕೂ ಕಾರಣ ಬಹುಪಾಲು ಈ ಲೈನೇ.

ಮೊದಲು ಕಡಲ ತಳ ನೋಡಿ

ಸೌದಿಗೆ ಎರಡು ಕಡಲು, ಎರಡರ ಸ್ವಭಾವವೂ ಬೇರೆ. ಪೂರ್ವದ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಅಷ್ಟೆ. ಖೋಬಾರ್‌ನ ದಕ್ಷಿಣಕ್ಕಿರುವ ಹಾಫ್ ಮೂನ್ ಬೇಯಂಥ ಮರಳು ದಡಗಳಲ್ಲಿ ಬಹುದೂರ ನಡೆದರೂ ನೀರು ಸೊಂಟ ದಾಟುವುದಿಲ್ಲ. ಅಲ್ಲಿ ದೂರ ಎಸೆಯಬೇಕು, ಅದಕ್ಕೆ ತೆಳು ಲೈನ್ ಬೇಕು. ಪಶ್ಚಿಮದ ಕೆಂಪು ಸಮುದ್ರದಲ್ಲಿ, ಜೆದ್ದಾ, ಯಾನ್ಬು ಕಡೆ, ಹವಳದ ದಿಬ್ಬ ದಡಕ್ಕೆ ಹತ್ತಿರ. ಅದರ ಅಂಚು ದಾಟಿದರೆ ನೀರು ಒಮ್ಮೆಲೇ ಆಳ. ಅಲ್ಲಿ ದೂರಕ್ಕಿಂತ ಉಜ್ಜಾಟ ತಡೆಯುವ ದಪ್ಪವೇ ಮುಖ್ಯ.

ಮಾನೋ ಮತ್ತು ಬ್ರೇಡ್

ಮಾನೋ ಎಂದರೆ ನೈಲಾನಿನ ಒಂದೇ ಎಳೆ. ಅಗ್ಗ, ಎಳೆದರೆ ಹಿಗ್ಗುತ್ತದೆ, ಗಂಟು ಸುಲಭವಾಗಿ ಕೂರುತ್ತದೆ, ಕಲ್ಲಿಗೆ ಉಜ್ಜಿದರೂ ಒಂದಿಷ್ಟು ತಾಳುತ್ತದೆ. ಬ್ರೇಡ್ ಎಂದರೆ ಪಾಲಿಥಿಲೀನ್ ನಾರುಗಳನ್ನು ಹೆಣೆದ ದಾರ. ಅಷ್ಟೇ ಬಲದ ಮಾನೋಗಿಂತ ಬಹಳ ತೆಳು, ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ದೂರದಲ್ಲಿ ಮೀನು ಮುಟ್ಟಿದರೂ ರಾಡಿನ ತುದಿಗೆ ತಿಳಿಯುತ್ತದೆ. ಆದರೆ ಹವಳಕ್ಕೆ ತಾಗಿದರೆ ಥಟ್ಟನೆ ತುಂಡಾಗುತ್ತದೆ, ಬರಿಬೆರಳನ್ನೂ ಕೊಯ್ಯುತ್ತದೆ.

ಹೊಸಬರು 0.35 ಮಿ.ಮೀ. ಮಾನೋದಿಂದ ಶುರುಮಾಡಿ. ಹವಳದ ಕಡೆ 0.40 ಅಥವಾ ಇನ್ನೂ ದಪ್ಪ ಇರಲಿ. ಎಸೆಯುವ ಕೈ ಪಳಗಿದ ಮೇಲೆ ಬ್ರೇಡಿಗೆ ಹೋಗಿ.

ಎಷ್ಟು ಹಿಡಿಯುತ್ತದೆ?

ಸ್ಪೂಲಿನ ಮೇಲೆ 0.35/300 ಎಂದಿದ್ದರೆ 0.35 ಮಿ.ಮೀ. ಲೈನ್ 300 ಮೀಟರ್ ಹಿಡಿಯುತ್ತದೆ ಎಂದರ್ಥ. ಅದೇ ಸ್ಪೂಲಿಗೆ 0.40 ಎಷ್ಟು ಹಿಡಿಯುತ್ತದೆಂದು ತಿಳಿಯಲು ದಪ್ಪದ ವರ್ಗ ತೆಗೆದುಕೊಳ್ಳಿ. 0.35ರ ವರ್ಗ 0.1225, 0.40ರ ವರ್ಗ 0.16. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 300ರಿಂದ ಗುಣಿಸಿದರೆ ಸುಮಾರು 230 ಮೀಟರ್. ದಪ್ಪ ಸ್ವಲ್ಪವೇ ಹೆಚ್ಚಿದರೂ ಉದ್ದ ಎಷ್ಟು ಇಳಿಯಿತು ನೋಡಿ.

ಸುತ್ತುವ ಕ್ರಮ

ಲೈನನ್ನು ಮೊದಲು ರಾಡಿನ ಬುಡದ ಬಳೆಯೊಳಗೆ ತೂರಿಸಿ. ರೀಲಿನ ಬಾಗಿದ ತಂತಿಯನ್ನು, ಅಂದರೆ ಬೇಲನ್ನು, ತೆರೆದಿಟ್ಟು ಸ್ಪೂಲಿನ ನಡುವಿಗೆ ಗಂಟು ಹಾಕಿ, ಬೇಲ್ ಮುಚ್ಚಿ. ಬೇಲ್ ಮುಚ್ಚಿಟ್ಟೇ ಗಂಟು ಹಾಕಿದರೆ ಹಿಡಿಕೆ ತಿರುಗಿಸಿದರೂ ಲೈನ್ ಸ್ಪೂಲಿಗೆ ಏರುವುದಿಲ್ಲ. ಬ್ರೇಡ್ ಆದರೆ ಕೆಳಗೆ ಕೆಲವು ಮೀಟರ್ ಮಾನೋ ಸುತ್ತಿರಬೇಕು. ಇಲ್ಲವಾದರೆ ಮೀನು ಎಳೆದಾಗ ಇಡೀ ದಾರವೇ ಸ್ಪೂಲಿನ ಮೇಲೆ ಜಾರುತ್ತದೆ.

ಅಂಗಡಿಯಿಂದ ತಂದ ಲೈನ್ ಸುರುಳಿಯನ್ನು ಚೀಟಿ ಮೇಲೆ ಬರುವಂತೆ ನೆಲಕ್ಕಿಡಿ. ಹತ್ತು ಹದಿನೈದು ಸುತ್ತು ಸುತ್ತಿ, ಕೈ ಸಡಿಲಿಸಿ ನೋಡಿ. ಲೈನ್ ಹುರಿಗೊಂಡು ಮುರುಟಿದರೆ ಸುರುಳಿಯನ್ನು ಮಗುಚಿ ಹಾಕಿ. ಒದ್ದೆ ಬಟ್ಟೆಯಲ್ಲಿ ಲೈನನ್ನು ಬೆರಳ ನಡುವೆ ಬಿಗಿ ಹಿಡಿದು ಒಂದೇ ಸಮನೆ ಸುತ್ತಿ. ಸಡಿಲವಾಗಿ ಸುತ್ತಿದ ಬ್ರೇಡ್, ವಾಯವ್ಯದಿಂದ ಬೀಸುವ ಶಮಾಲ್ ಗಾಳಿಯಲ್ಲಿ ಕುಣಿಕೆ ಕುಣಿಕೆಯಾಗಿ ಹೊರಬಿದ್ದು ಗಂಟಾಗುತ್ತದೆ. ಪ್ರತಿ ಎಸೆತದ ನಂತರ ಬೇಲನ್ನು ಕೈಯಿಂದಲೇ ಮುಚ್ಚಿ ಲೈನನ್ನೊಮ್ಮೆ ಬಿಗಿಗೊಳಿಸಿದರೆ ಈ ಕಾಟ ಬಹಳ ಕಡಿಮೆ.

ಸ್ಪೂಲಿನ ಅಂಚಿಗಿಂತ ಎರಡು ಮಿ.ಮೀ. ಕೆಳಗಿರುವಾಗ ನಿಲ್ಲಿಸಿ. ಕಡಿಮೆಯಾದರೆ ಲೈನ್ ಅಂಚಿಗೆ ಉಜ್ಜಿ ಎಸೆತದ ದೂರ ಇಳಿಯುತ್ತದೆ. ಹೆಚ್ಚಾದರೆ ಸುತ್ತುಗಳು ತಾವಾಗಿ ಜಾರಿ ಬೀಳುತ್ತವೆ.

ಶಾಕ್ ಲೀಡರ್ ಮರೆಯಬೇಡಿ

ಎಸೆಯುವ ಕ್ಷಣದ ಹೊಡೆತವನ್ನು ತೆಳು ಲೈನ್ ತಾಳದು. ತುಂಡಾಗಿ ಹಾರಿದ ಸೀಸ ಪಕ್ಕದವರ ತಲೆಗೆ ಬಡಿಯಬಹುದು. ಹಾಗಾಗಿ ತುದಿಗೆ ದಪ್ಪ ಮಾನೋ ಜೋಡಿಸಬೇಕು. ಬಳಕೆಯಲ್ಲಿರುವ ಲೆಕ್ಕ ಸರಳ: ಸೀಸದ ಪ್ರತಿ ಔನ್ಸಿಗೆ, ಅಂದರೆ 28 ಗ್ರಾಂಗೆ, 10 ಪೌಂಡ್ ಬಲ. 112 ಗ್ರಾಂ ಸೀಸಕ್ಕೆ 40 ಪೌಂಡಿನ ಲೀಡರ್. ಎಸೆಯಲು ರಾಡ್ ಎತ್ತಿ ನಿಂತಾಗ ಅದು ಸ್ಪೂಲಿನ ಮೇಲೆ ಐದಾರು ಸುತ್ತು ಉಳಿಯುವಷ್ಟು ಉದ್ದವಿರಲಿ.

ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ಉಪ್ಪು ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲು ನೈಲಾನನ್ನು ತಿನ್ನುತ್ತದೆ. ಮಾನೋವನ್ನು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಕೊನೆಗೊಂದು ಮನವಿ. ಗಾಳ ಹಾಕಲು ಅನುಮತಿ ಇರುವ ಜಾಗಕ್ಕೇ ಹೋಗಿ, ಗಡಿ ಭದ್ರತಾ ಪಡೆಯವರು ಬೇಡವೆಂದ ಕಡೆ ನಿಲ್ಲಬೇಡಿ. ಕತ್ತರಿಸಿದ ಲೈನಿನ ಒಂದು ತುಂಡನ್ನೂ ದಡದಲ್ಲಿ ಬಿಡಬೇಡಿ. ಜುಬೈಲ್ ಎದುರಿನ ಕರಾನ್ ದ್ವೀಪದಲ್ಲಿ ಹಸಿರು ಕಡಲಾಮೆಗಳು ಮೊಟ್ಟೆಯಿಡುತ್ತವೆ. ನಾವು ಎಸೆದು ಬಂದ ನೈಲಾನ್ ಅವುಗಳ ಕಾಲಿಗೂ ಕುತ್ತಿಗೆಗೂ ಸುತ್ತಿಕೊಳ್ಳಬಹುದು. ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ.